ಲೆಕ್ಕ ಬಾರದ ಮಷೀನು

ಅಪ್ಪಾ,

ಕೂಡೋದು ಕಳೆಯೋದು ಬರಲ್ಲ, ದಡ್ಡ ಶಿಖಾಮಣಿ ಅಂತ ಬೈದು ನನ್ನ ಸ್ಕೂಲು ಬಿಡಿಸಿದ್ರಿ. ಈಗ ನೀವು ಕಟ್ಟಿರೋ ಕಂಪ್ಯೂಟರಿಗೆ ಎರಡಕ್ಕೆರಡು ಕೂಡೋಕೂ ಬರಲ್ಲ. ರಾಶಿ ಕಾಗದದಲ್ಲಿ ಕೇಳಿದ ಪದ ಹುಡುಕೋದೊಂದೇ ಅದಕ್ಕೆ ಗೊತ್ತು. ಆದ್ರೂ ನಿನ್ನೆ ಬಂದವರ ಮುಂದೆ ಅದರ ಬೆನ್ನು ಸವರಿ, "ಲೆಕ್ಕ ಯಾರಿಗೆ ಬೇಕ್ರೀ? ಇದೇ ನನ್ನ ಮಗ" ಅಂದ್ರಿ. ಅದರ ಒಂದೊಂದು ತಂತಿಗೂ ಬೆಸುಗೆ ಹಾಕಿದ್ದು ನಾನು. ನನ್ನ ತೋರಿಸಿ, "ಇವನಾ? ಕಸ ಗುಡಿಸ್ತಾನೆ" ಅಂದ್ರಿ.

ಅದಕ್ಕೇ ಮಷೀನಿನ ಒಳಗಿಂದ ಪದ ಹೋಲಿಸೋ ಬೋರ್ಡು ಕಿತ್ಕೊಂಡು ಅಕ್ಕನ ಮನೆಗೆ ಬಂದಿದೀನಿ. ಬಟ್ಟೇಲಿ ಸುತ್ತಿಟ್ಟಿದೀನಿ, ಕೆಡಲ್ಲ. ಸೋಮವಾರ ಲೈಬ್ರರಿಯವರು ಮಷೀನು ನೋಡೋಕೆ ಬರ್ತಾರಲ್ಲ, ಅಷ್ಟರೊಳಗೆ ನೀವೇ ಬನ್ನಿ. ಬೋರ್ಡು ಕೊಡ್ತೀನಿ. ಆದ್ರೆ ಅವರ ಮುಂದೆ ನನ್ನ ಬೆನ್ನ ಮೇಲೂ ಒಂದ್ಸಲ ಕೈಯಿಡಿ.

ಲೆಕ್ಕ ಬಾರದ ನಿಮ್ಮ ಹಿರಿಮಗ