ಹರದನಹಳ್ಳಿ ಕಡೆ ಅಂದಿದ್ದೆಯಲ್ಲ, ಭಾವ

ಭಾವ,

ಬದುಕಿದ್ದಷ್ಟು ದಿನ ನಿನ್ನನ್ನು ‘ನೀವು’ ಎಂದೆ. ಅಕ್ಕನ ಗಂಡ, ಹೈಸ್ಕೂಲು ಮೇಷ್ಟ್ರು ಅಂತ ಮರ್ಯಾದೆ ಕೊಟ್ಟೆ. ಇನ್ನು ಕೊಡುವುದಿಲ್ಲ. ನೀನು ಹೋಗಿ ಎರಡು ವರ್ಷವಾದರೂ ನನ್ನ ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳುವ ಇಷ್ಟವೂ ಇಲ್ಲ.

ತೊಂಬತ್ತೆಂಟರಲ್ಲಿ ನೀನು ಆ ದಪ್ಪ ಚಕ್ರದ ಗೇರ್ ಸೈಕಲ್ ತಂದ ದಿನ ಹೊಳೆನರಸೀಪುರದ ನಿಮ್ಮ ಬೀದಿಯವರೆಲ್ಲ ಜಗಲಿಗೆ ಬಂದು ನಿಂತಿದ್ದರು. ಹೊಟ್ಟೆಕಿಚ್ಚು ತಾಳದೆ ನಾನೂ ಒಂದು ಹಳೆಯದು ಕೊಂಡೆ. ಭಾನುವಾರ ಚನ್ನರಾಯಪಟ್ಟಣದಿಂದ ಬಸ್ಸಿನ ಮೇಲೆ ಹಾಕಿಕೊಂಡು ಬರುತ್ತಿದ್ದೆ. ಟಾರು ರಸ್ತೆ ಬಿಟ್ಟು, ಒಬ್ಬರು ನಡೆಯುವಷ್ಟೇ ಅಗಲದ ಕಾಲುದಾರಿ ಹುಡುಕುವುದನ್ನು ಕಲಿಸಿದವನು ನೀನೇ. “ಗುಡ್ಡದಲ್ಲಿ ಆಡಿನ ಹಿಕ್ಕೆ ನೋಡ್ಬೇಡ ಕಣಯ್ಯ, ಸಗಣಿ ನೋಡು. ಆಡು ಎಲ್ಲಿ ಬೇಕಾದ್ರೂ ಹತ್ತುತ್ತೆ. ದನ ಬಳಸ್ಕೊಂಡು ಹೋಗುತ್ತೆ, ಅಲ್ಲಿ ಸೈಕಲ್ಲೂ ಹೋಗುತ್ತೆ.” ಅದೊಂದು ಮಾತ್ರ ಯಾವತ್ತೂ ಸುಳ್ಳಾಗಲಿಲ್ಲ.

ಆಮೇಲೆ ಒಬ್ಬನೇ ಹೋಗಲು ಶುರು ಮಾಡಿದೆಯಲ್ಲ, ಏನು ಬಂದಿತ್ತು ನಿನಗೆ? ಎಲ್ಲಿಗೆ ಎಂದರೆ “ಹರದನಹಳ್ಳಿ ಕಡೆ” ಅಷ್ಟೇ. ಒಂದು ದಿನ ಅಕ್ಕನೆದುರೇ ನಾನು ಬಿಡದೆ ಕೇಳಿದಾಗ, “ಅಣಬೆ ಏಳೋ ಜಾಗ ಯಾರಾದ್ರೂ ಬಾಯಿಬಿಡ್ತಾರೇನಯ್ಯ?” ಎಂದು ನಕ್ಕುಬಿಟ್ಟೆ. ಅಕ್ಕನೂ ನಕ್ಕಳು. ಆ ಕಡೆ ಬರೀ ಬಯಲು ಹೊಲ. ನಿನ್ನ ಮೊಣಕೈ ತುಂಬ ಗುಡ್ಡದ ಲಾಂಟಾನ ಪೊದೆಯ ಮುಳ್ಳಿನ ಗೀರು. ಸುಳ್ಳೆಂದು ನನಗೆ ಗೊತ್ತಾಯಿತು. ಹೇಳದಿದ್ದರೆ ಬಿಡಲಿ, ನನಗೇನು ಎಂದು ನಾನೂ ಮೂತಿ ತಿರುಗಿಸಿಕೊಂಡೆ. ಇನ್ನೊಂದು ಸಲ ಜಗಳವಾಡಿ ಕೇಳಿದ್ದರೆ...

ಆ ಭಾನುವಾರ ಹನ್ನೊಂದಕ್ಕೆ ಅಕ್ಕ ಫೋನ್ ಮಾಡಿದಳು. “ಒಂಬತ್ತಕ್ಕೆಲ್ಲ ಬರೋರು, ಇನ್ನೂ ಬಂದಿಲ್ಲ ಕಣೋ.” ನಾನೂ ನಿನ್ನ ಸ್ಕೂಲಿನ ನಾಲ್ವರು ಮೇಷ್ಟ್ರುಗಳೂ ಹರದನಹಳ್ಳಿಯ ಒಂದೊಂದು ಬದುವನ್ನೂ ತಡಕಿದೆವು. ಸುಳ್ಳೆಂದು ಗೊತ್ತಿದ್ದರೂ ಇನ್ನೆಲ್ಲಿ ಹುಡುಕಲಿ? ಬೇರೆ ಊರಿನ ಹೆಸರನ್ನೇ ನೀನು ಎತ್ತಿರಲಿಲ್ಲವಲ್ಲ! ಹೊತ್ತು ಮುಳುಗುವ ತನಕ ಕೂಗಿ ಕೂಗಿ ಗಂಟಲು ಕಟ್ಟಿತು.

ನೀನು ಬಿದ್ದಿದ್ದದ್ದು ಅರಕಲಗೂಡು ಕಡೆಯ ಗುಡ್ಡದಲ್ಲಿ. ಸೋಮವಾರ ಬೆಳಿಗ್ಗೆ ಸೌದೆಗೆ ಹೋದ ಹೆಂಗಸೊಬ್ಬಳು ಕಂಡಳು. ನಾನು ಹೋದಾಗ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. “ಈ ಸಾಮಿ ವಾರವಾರಾನೂ ಬರೋರು ಕಣಪ್ಪ. ನಮ್ಮಟ್ಟೀಲೇ ಮಜ್ಜಿಗೆ ಈಸ್ಕಂಡು ಕುಡಿಯೋರು. ದಿನಾ ನಾವು ಓಡಾಡೋ ದಾರಿ ಇದು. ನೆನ್ನೆ ಊರಲ್ಲಿ ಮದುವೆ ಅಂತ ಯಾರೂ ಈ ಕಡೆ ಬರ್ನಿಲ್ಲ. ಒಂದು ಮಾತು ಕೇಳಿದ್ರೆ ಯೋಳ್ತಿದ್ವಲ್ಲಪ್ಪ!” ಕೇಳಿಸಿತೇ? ಇಡೀ ಊರು ತುಳಿಯುವ ದಾರಿ ನಿನ್ನ ಗುಟ್ಟು! ನಾಚಿಕೆಯಾಗಬೇಕು ನಿನಗೆ.

ಈಗ ನಿನ್ನ ಹೊಟ್ಟೆ ಉರಿಯುವ ಸುದ್ದಿ ಹೇಳುತ್ತೇನೆ. ಆ ದಾರಿಯ ಉದ್ದಕ್ಕೂ ಬಂಡೆಗಳ ಮೇಲೆ ಸುಣ್ಣದಲ್ಲಿ ಗುರುತು ಹಾಕಿದ್ದೇನೆ. ಹೋದ ತಿಂಗಳು ಹಾಸನದಿಂದ ಆರು ಜನ ಸೈಕಲ್ ತಂದಿದ್ದರು, ನಾನೇ ಕರೆದೊಯ್ದೆ. ನೀನು ಬಿದ್ದ ತಿರುವಿನಲ್ಲಿ ಎಲ್ಲರನ್ನೂ ಇಳಿಸಿ ತಳ್ಳಿಕೊಂಡು ಬರಲು ಹೇಳಿದೆ. ಹಾಳಾದ್ದು, ಅಷ್ಟು ಚೆಂದದ ಇಳಿಜಾರು ಈ ಸುತ್ತಮುತ್ತಲಲ್ಲೇ ಇನ್ನೊಂದಿಲ್ಲ. ಬೈಯುವುದಿದ್ದರೆ ಬೈದುಕೋ.

ನಿನಗೆ ತಿಳಿಯದ್ದು ಇನ್ನೊಂದಿದೆ. ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದರು. ನೀನು ಬಿದ್ದ ಕೂಡಲೇ ಹೋಗಲಿಲ್ಲವಂತೆ. ಸಂಜೆಯವರೆಗೂ ಜೀವ ಇದ್ದಿರಬೇಕಂತೆ. ಬೇಗ ಸಿಕ್ಕಿದ್ದರೆ... ಅಕ್ಕ ಈಗಲೂ ಅನ್ನ ಬಡಿಸುತ್ತಾ ಕೇಳುತ್ತಾಳೆ, “ಅವರಿಗೆ ತುಂಬಾ ನೋವಾಯ್ತೇನೋ?” “ಇಲ್ಲ ಕಣಕ್ಕ, ಬಿದ್ದ ತಕ್ಷಣ ಹೋಗ್ಬಿಟ್ರಂತೆ” ಎನ್ನುತ್ತೇನೆ. ಅವಳಿರುವಷ್ಟು ದಿನವೂ ಅದನ್ನೇ ಹೇಳುತ್ತೇನೆ. ನಿನಗೋಸ್ಕರ ಅಲ್ಲ.