ಐವತ್ತನೆಯ ಚೀಲ

ಮಾರ್ಚ್ 3, ಬೆಳಗ್ಗೆ 7.30
ಫ್ರಿಜ್ ನೋಡಿದೆ. ಓ ಪಾಸಿಟಿವ್ ನಾಲ್ಕು, ಬಿ ಎರಡು, ಎಬಿ ಸೊನ್ನೆ. ಬೇರೊಂದು ಆಸ್ಪತ್ರೆಯಲ್ಲಿ ಕೊಟ್ಟ ರಕ್ತದಿಂದ ಮಗುವಿಗೆ ಎಚ್‌ಐವಿ ಬಂತೆಂಬ ಸುದ್ದಿ ಹಬ್ಬಿ ಇಪ್ಪತ್ತು ದಿನ. ಅಂದಿನಿಂದ ನಮ್ಮ ಬ್ಲಡ್ ಬ್ಯಾಂಕಿನ ಮೆಟ್ಟಿಲು ಹತ್ತುವವರಿಲ್ಲ. ಕೊಡುವವರಿಗೂ ಭಯ — ಸೂಜಿಯಿಂದ ಬರುತ್ತದಂತೆ. ಒಬ್ಬೊಬ್ಬರಿಗೂ ಹೊಸ ಸೂಜಿ, ಕವರ್ ನಿಮ್ಮೆದುರೇ ಹರಿಯುತ್ತೇನೆ ಎಂದು ಹೇಳಿ ಹೇಳಿ ಬಾಯಿ ಒಣಗಿತು.

ಬ್ಲಡ್ ಬ್ಯಾಂಕಿನ ಡಾಕ್ಟರಮ್ಮ ಕರೆದರು. ಹದಿನಾಲ್ಕನೇ ತಾರೀಖು ಬಾಟಲಿ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಕ್ಯಾಂಪ್. "ಮೊದಲು ನೀವೇ ಮಲಗ್ಬೇಕು. ನಲವತ್ತೊಂಬತ್ತು ಸಲ ಕೊಟ್ಟಿದೀರಿ. ಐವತ್ತನೇದು ಎಲ್ಲರ ಕಣ್ಣೆದುರಿಗೇ ಆಗ್ಲಿ." ಬ್ಯಾನರಿಗೆ ಫೋಟೊ ತೆಗೆಸಿದರು. ಮದುವೆ ಫೋಟೊಗಿಂತ ಚೆನ್ನಾಗಿದೆ.

ಮಾರ್ಚ್ 5, ಬೆಳಗ್ಗೆ 11
ಸೂಜಿ ಚುಚ್ಚಿತು. ಎಡ ಹೆಬ್ಬೆರಳು. ಅಪರೂಪಕ್ಕೆ ಬಂದು ರಕ್ತ ಕೊಟ್ಟವನೊಬ್ಬ ತಲೆಸುತ್ತಿ ವಾಲಿದ, ಹಿಡಿಯಲು ಹೋದೆ, ಅವನ ತೋಳಿನಿಂದ ಆಗಷ್ಟೇ ತೆಗೆದ ಸೂಜಿ ಗ್ಲೌಸ್ ದಾಟಿತು. ಸೋಪು, ನೀರು. ಹದಿನೆಂಟು ವರ್ಷದಲ್ಲಿ ಮೊದಲ ಸಲ.

ಮಾರ್ಚ್ 5, ಸಂಜೆ 4
ಅವನ ಸ್ಯಾಂಪಲ್ ಎಚ್‌ಐವಿ ಪಾಸಿಟಿವ್. ಮತ್ತೆ ಟೆಸ್ಟಿಗೆ ಹಾಕಿದೆ. ಮತ್ತೆ ಪಾಸಿಟಿವ್.
ನನಗೆ ಇಪ್ಪತ್ತೆಂಟು ದಿನ ಮಾತ್ರೆ. ಆರು ವಾರ ಕಳೆದ ಮೇಲೆ ಒಂದು ಟೆಸ್ಟ್, ಮೂರು ತಿಂಗಳಾದ ಮೇಲೆ ಇನ್ನೊಂದು. "ಬರೋದು ಸಾವಿರಕ್ಕೆ ಮೂರು ಜನಕ್ಕೆ ಅಷ್ಟೆ," ಎಂದರು ಡಾಕ್ಟರಮ್ಮ. ನಾನೇ ಎಷ್ಟೋ ನರ್ಸುಗಳಿಗೆ ಹೇಳಿದ ಲೆಕ್ಕ. ಹೇಳುವಾಗ ಮೂರು ಸಣ್ಣದಾಗಿ ಕಂಡಿತ್ತು.

ಮಾರ್ಚ್ 9
ಮಾತ್ರೆಗೆ ಹೊಟ್ಟೆ ತೊಳಸುತ್ತದೆ. ವಿಟಮಿನ್ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಬೆನ್ನುನೋವೆಂದು ಹೇಳಿ ಹೊರಗಿನ ಕೋಣೆಯಲ್ಲಿ ಚಾಪೆ. ಹೆಂಡತಿ ಮೂರು ದಿನ ಬಿಸಿನೀರಿನ ಚೀಲ ತಂದುಕೊಟ್ಟಳು. ಇವತ್ತು ತರಲಿಲ್ಲ.

ಮಾರ್ಚ್ 12
ಸೂಜಿ ಚುಚ್ಚಿದ ಮೇಲೆ ನಾನು ರಕ್ತ ಕೊಡುವಂತಿಲ್ಲವಲ್ಲ ಎಂದು ಡಾಕ್ಟರಮ್ಮನಿಗೆ ನೆನಪಿಸಿದೆ. ಎದ್ದು ಬಾಗಿಲು ಹಾಕಿದರು.
"ಗೊತ್ತು. ಸುಮ್ನೆ ಮಲಗಿ. ಚೀಲ ತುಂಬ್ಲಿ, ವಾಪಸ್ ಬಂದ್ಮೇಲೆ ನಾನೇ ಸುಡೋಕೆ ಕಳಿಸ್ತೀನಿ. ಯಾರಿಗೂ ಅಪಾಯ ಇಲ್ಲ."
"ಜನ ನಿಜ ಅಂದ್ಕೋತಾರಲ್ಲ, ಮೇಡಂ."
"ನೀವು ಮಲಗದಿದ್ರೆ ಬ್ಲಡ್ ಬ್ಯಾಂಕಿನವನೇ ಹೆದರಿದ ಅಂತಾರೆ. ಒಬ್ಬರೂ ಕೊಡಲ್ಲ. ಹೆರಿಗೆ ವಾರ್ಡಿನವರು ಕೇಳಿದ್ರೆ ಏನು ಕೊಡ್ತೀರಿ, ಬ್ಯಾನರಾ?"
ಅವರು ಕೆಟ್ಟವರಲ್ಲ — ಅದೇ ಕಷ್ಟ.

ಮಾರ್ಚ್ 14, ಸಂಜೆ 6
ಕ್ಯಾಂಟೀನಿನಲ್ಲಿ ಅರವತ್ತು ಜನ. ಮಲಗಿದೆ. ತೋಳಿಗೆ ಪಟ್ಟಿ ಬಿಗಿದರು. ಎಲ್ಲರಿಗೂ ಕೇಳಲೆಂದು ಡಾಕ್ಟರಮ್ಮ ರಕ್ತದಾನಿಗಳ ಫಾರ್ಮಿನ ಪ್ರಶ್ನೆಗಳನ್ನು ಮೈಕಿನಲ್ಲಿ ಓದತೊಡಗಿದರು. ಜ್ವರ? ಇಲ್ಲ. ಕಾಮಾಲೆ? ಇಲ್ಲ. ಹಚ್ಚೆ? ಇಲ್ಲ. ಜನ ನಗುತ್ತಿದ್ದರು. ಬೇರೆಯವರಿಗೆ ಬಳಸಿದ ಸೂಜಿ ಚುಚ್ಚಿದೆಯೇ? — ಓದುವಾಗ ದನಿ ಸ್ವಲ್ಪ ಇಳಿಯಿತು.
"ಹೌದು," ಎಂದೆ.
ಯೋಚಿಸಿ ಹೇಳಿದ್ದಲ್ಲ. ಹದಿನೆಂಟು ವರ್ಷ ಈ ಪ್ರಶ್ನೆ ಕೇಳಿದ್ದೇನೆ. ಕೆಲವರು ಅರೆಗಳಿಗೆ ತಡೆದು ಆಮೇಲೆ ಇಲ್ಲ ಎನ್ನುವುದನ್ನು ನೋಡಿದ್ದೇನೆ. ನಾನೂ ತಡೆದಿದ್ದೆ...
ಎದ್ದು ಕೂತೆ. "ಒಂಬತ್ತು ದಿನ ಆಯ್ತು ಚುಚ್ಚಿ. ಮಾತ್ರೆ ತಗೋತಿದೀನಿ. ನನಗೆ ಸೋಂಕು ಬಂದಿದ್ರೂ ಇಷ್ಟು ಬೇಗ ಟೆಸ್ಟಲ್ಲಿ ಕಾಣಲ್ಲ. ಮಷೀನಿಗೆ ಕಾಣದ್ದನ್ನ ಮನುಷ್ಯನೇ ಬಾಯಿಬಿಟ್ಟು ಹೇಳ್ಬೇಕು. ಅದಕ್ಕೇ ಇವತ್ತು ಕೊಡಲ್ಲ."
ಆಮೇಲೆ ಕುರ್ಚಿ ಸರಿಯುವ ಸದ್ದು. ನಲವತ್ತಕ್ಕೂ ಹೆಚ್ಚು ಮಂದಿ ಎದ್ದು ಹೋದರು. ಪ್ಯಾಕಿಂಗ್ ವಿಭಾಗದ ಹೆಂಗಸೊಬ್ಬಳು ರವಿಕೆಯ ತೋಳು ಮಡಚುತ್ತ ಬಂದಳು. "ಇಷ್ಟು ಹೇಳ್ದೋರು ಸೂಜಿ ಹೊಸದು ಅಂತ ಸುಳ್ಳು ಹೇಳ್ತೀರಾ? ನನ್ನದು ತಗೊಳ್ಳಿ."
ಒಟ್ಟು ಹದಿಮೂರು ಚೀಲ. ವ್ಯಾನಿನಲ್ಲಿ ದಾರಿಯುದ್ದಕ್ಕೂ ಡಾಕ್ಟರಮ್ಮನ ಮುಖ ಕಿಟಕಿಯ ಕಡೆಗೇ.

ಮಾರ್ಚ್ 15
ಹೆಂಡತಿಯ ಚಿಕ್ಕಮ್ಮನ ಮಗಳು ಅದೇ ಫ್ಯಾಕ್ಟರಿಯಲ್ಲಿದ್ದಾಳೆ. ನಾನು ಬಾಯಿ ತೆರೆಯುವ ಮೊದಲೇ ಸುದ್ದಿ ಮನೆ ಸೇರಿತ್ತು.
"ಊರಿಗೆಲ್ಲ ಹೇಳಿದ್ರಿ," ಎಂದಳು ಹೆಂಡತಿ.
"ನಿನಗೆ ಹೆದರಿಕೆ ಆಗುತ್ತೆ ಅಂತ..."
"ನಾನೇನು ತಪ್ಪು ಮಾಡಿದೆ ಅಂತ ಹತ್ತು ದಿನದಿಂದ ಒಬ್ಬಳೇ ಬಿದ್ಕೊಂಡು ಯೋಚಿಸ್ತಿದೀನಿ. ಅದು ಹೆದರಿಕೆ ಅಲ್ವಾ?"
ವಿಟಮಿನ್ ಡಬ್ಬಿ ತಂದು ಮುಂದಿಟ್ಟಳು. ಯಾವ ಹೊತ್ತಿಗೆ ನುಂಗಬೇಕು ಎಂದು ಕೇಳಿದಳು. ಹೇಳಿದೆ. ಗಡಿಯಾರ ನೋಡಿದಳು. ನೀರು ಮಾತ್ರ ನಾನೇ ತಂದುಕೊಂಡೆ.

ಏಪ್ರಿಲ್ 17
ಆರು ವಾರ. ನೆಗೆಟಿವ್. ಇನ್ನೊಂದು ಬಾಕಿ.
ರಿಪೋರ್ಟಿಗೆ ಸಹಿ ಹಾಕುತ್ತ ಡಾಕ್ಟರಮ್ಮ, "ಯಾರೂ ಕ್ಯಾಂಪಿಗೆ ಕರೀತಿಲ್ಲ," ಎಂದರಷ್ಟೇ. ಈ ತಿಂಗಳು ಇಬ್ಬರು ಬಾಣಂತಿಯರನ್ನು ರಕ್ತವಿಲ್ಲದೆ ಬೇರೆ ಆಸ್ಪತ್ರೆಗೆ ಕಳಿಸಿದೆವು. ಇಬ್ಬರೂ ಉಳಿದರು — ಫೋನ್ ಮಾಡಿ ಕೇಳಿದೆ. ಉಳಿಯದಿದ್ದರೆ? ನನ್ನ ಒಂದು 'ಹೌದು' ಅವರ ಜೀವಕ್ಕೆ ಕುತ್ತಾಗುತ್ತಿತ್ತೆ? ಕೂತಲ್ಲಿ ಕೂರಲಾಗುತ್ತಿಲ್ಲ.

ಜೂನ್ 6
ಕೊನೆಯ ಟೆಸ್ಟ್. ನೆಗೆಟಿವ್. ಹೆಂಡತಿ ಕೆಲಸಕ್ಕೆ ರಜೆ ಹಾಕಿ ಜೊತೆಗೆ ಬಂದಿದ್ದಳು. ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು. ಇಳಿಯುವ ಸ್ಟಾಪು ದಾಟಿತು. ಎಬ್ಬಿಸಲಿಲ್ಲ.

ಜೂನ್ 19
ಕಿಟಕಿಯ ಹತ್ತಿರ ಒಬ್ಬ ಬಹಳ ಹೊತ್ತಿನಿಂದ ನಿಂತಿದ್ದ. ಬೇರೆಯವರೆಲ್ಲ ಹೋದ ಮೇಲೆ ಬಂದ.
"ಮೂರು ತಿಂಗಳಾದ್ಮೇಲೆ ಮೊನ್ನೆ ನಮ್ಮ ಫ್ಯಾಕ್ಟರೀಲಿ ಮತ್ತೆ ಕ್ಯಾಂಪ್ ಆಯ್ತಲ್ಲ, ಅಲ್ಲಿ ರಕ್ತ ಕೊಟ್ಟಿದ್ದೆ. ಯಾರಿಗಾದ್ರೂ ಹೋಯ್ತಾ?"
ಫಾರ್ಮಿನ ಒಂದು ಪ್ರಶ್ನೆಗೆ ಇಲ್ಲ ಎಂದು ಬರೆದನಂತೆ. ಹೌದು ಎನ್ನಬೇಕಿತ್ತಂತೆ. ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿದ್ದರಂತೆ.
ಅವನ ಚೀಲದ ನಂಬರ್ ಹುಡುಕಿದೆ. ಟೆಸ್ಟ್ ಪಾಸಾಗಿ, ನಾಳೆ ಆಪರೇಷನ್ ಆಗುವ ಮುದುಕಿಯ ಹೆಸರು ಅಂಟಿಸಿಕೊಂಡು ಫ್ರಿಜ್ಜಿನಲ್ಲಿ ಕೂತಿತ್ತು. ತೆಗೆದು ಬೇರೆ ಇಟ್ಟು ಬೀಗ ಹಾಕಿದೆ. ಡಾಕ್ಟರಮ್ಮ ಬಂದು ಚೀಲ ನೋಡಿದರು, ಅವನನ್ನು ನೋಡಿದರು, ನನ್ನನ್ನು ನೋಡಿದರು. ತಾವೇ ಹೋಗಿ ಅವನಿಗೆ ಟೀ ತಂದರು.
"ಹೇಳೋಣ ಅಂತ ಹೇಗೆ ಅನ್ನಿಸ್ತು?" ಎಂದೆ.
"ಬಾಟಲಿ ಫ್ಯಾಕ್ಟರೀಲಿ ಅವತ್ತು ಎದ್ದು ಹೋದೋರಲ್ಲಿ ನಾನೂ ಒಬ್ಬ. ನಿಮಗೆ ಬೈಕೊಂಡೇ ಹೋದೆ. ಮೊನ್ನೆಯಿಂದ ಊಟ ಸೇರ್ತಿಲ್ಲ. ನಿಮ್ಮ ಹತ್ರ ಆದ್ರೆ ಹೇಳ್ಬಹುದು ಅನ್ನಿಸ್ತು."
ಬಾಗಿಲು ಹಾಕಿ ಕೂತೆವು. ಮುಕ್ಕಾಲು ಗಂಟೆ ಹೇಳಿದ. ಏನು ಹೇಳಿದ ಎಂಬುದನ್ನು ಬರೆಯುವುದಿಲ್ಲ. ನಾನೊಬ್ಬನೇ ಓದುವ ಪುಸ್ತಕವಾದರೂ — ಅವನು ಹೇಳಿದ್ದು ನನಗೆ, ಇದಕ್ಕಲ್ಲ.
ಅವನ ಟೆಸ್ಟಿಗೆ ತಾರೀಖು ಕೊಟ್ಟೆ. ಹೊಸ್ತಿಲಲ್ಲಿ ನಿಂತು, "ಅವತ್ತು ನೀವು ಇರ್ತೀರಲ್ಲ?" ಎಂದ. ಇರ್ತೀನಿ ಎಂದೆ. ಆ ದಿನ ನನಗೆ ರಜೆ. ನಾಳೆ ಬೆಳಗ್ಗೆ ಹೋದ ಕೂಡಲೇ ಆ ರಜೆ ರದ್ದು ಮಾಡಿಸಬೇಕು.