ನೀವು ಕನ್ನಡದಾಗ ಹೇಳಿದ್ದು

ಸಿಕಂದರಾಬಾದ್, ರವಿವಾರ

ಭಾಗೂನ ಅಪ್ಪಾರಿಗೆ,

ಫೋನಿನ್ಯಾಗ ನೀವು ಮಾತು ತೇಲಿಸಿಬಿಡ್ತೀರಿ, ಅದಕ್ಕ ಬರದು ನೀವು ಕೆಲಸಾ ಮಾಡೂ ಸೈಟಿಗೆ ಕಳಸಾಕತ್ತೀನಿ.

ನಿನ್ನೆ ಭಾಗೂನ್ನ ಮತ್ತ ದವಾಖಾನಿಗೆ ಕರ್ಕೊಂಡು ಹೋಗಿದ್ದೆ. ಹೋದ ವರ್ಷ ನೋಡಿದ ಡಾಕ್ಟರಮ್ಮನ ಇದ್ರು. ನನಗ ತೆಲುಗು ಬರೂದಿಲ್ಲಂತ ಬಾಜೂಮನಿ ರೇಣುಕಾ ಬಂದು ಅವರ ಮಾತು ಕನ್ನಡದಾಗ ಹೇಳಿದ್ಳು. ಹೆಸರು ಹಿಡಿದು ಕರದ್ರ ತಿರುಗಿ ನೋಡದಿರೂದು, ತಾಟು ತಿರುಗಿಸ್ಕೋತ ಕುಂಡ್ರೂದು, ಇದು ಆಟಿಸಂ ಅಂತ. ಹಂಗಂತ ಹೋದ ವರ್ಷನ ನಿಮಗೂ ಹೇಳಿದ್ರಂತ. ಮಕ್ಕಳ ನಡುವ ಬಿಡ್ರಿ, ವಾರಾ ವಾರಾ ಕರ್ಕೊಂಡು ಬರ್ರಿ ಅಂದಿದ್ರಂತ.

ಅವರ ತೆಲುಗು ಕೇಳಿ ನೀವು ನನಗ ಕನ್ನಡದಾಗ ಹೇಳಿದ್ದು ಬ್ಯಾರೆ. ಮೂರು ಭಾಷಾ ಕಿವಿಗೆ ಬಿದ್ದು ಗೊಂದಲ ಆಗೇತಿ, ಮನಿಯಾಗ ಇಟ್ಟು ಬರೇ ಕನ್ನಡ ಮಾತಾಡ್ಸು ಅಂತಾರ ಅಂದ್ರಿ. ಡಾಕ್ಟರಮ್ಮನ ಮಾತಂತ ನಂಬಿ ವರ್ಷಪೂರ್ತಿ ಕೂಸಿನ್ನ ಒಳಗ ಕೂಡಿ ಹಾಕಿದೆ. ನಿಮ್ಮ ತಂಗಿ ಲಗ್ನ ಮುಗಿಯೂತನಕ ಅಕಿ ಮಂದಿ ಕಣ್ಣಿಗೆ ಬೀಳಬಾರದಿತ್ತು, ಹೌದಲ್ರಿ?

ನಿಮ್ಮ ಅಂಗಿ ಒಗದಿಟ್ಟೀನಿ, ಹಬ್ಬಕ್ಕ ಬರ್ರಿ. ದವಾಖಾನಿಗೆ ಮಾತ್ರ ನನ್ನ ಜೋಡಿ ರೇಣುಕಾನ ಬರ್ತಾಳ.

ಭಾಗೂನ ಕೈಗೆ ಸಿಗದಂಗ ನೀವು ಬಾಗಿಲ ಮ್ಯಾಲ್ಗಡೆ ಬಡದಿದ್ದ ಚಿಲಕ ಕಿತ್ತೀನಿ. ಭಾಗು ಈಗ ಹೊರಗ, ಹುಡುಗ್ರ ಬಾಜೂಕ ಕುಂತಾಳ.

ಇಂತಿ,
ಭಾಗೂನ ಅವ್ವ